ಎರಡು ಕಿಟಕಿಯಲ್ಲಿ ಒಂದೇ ಬೆಕ್ಕು

ಹಳೆಯ ಕಟ್ಟಡಗಳ ದಾಖಲೀಕರಣ ಇಲಾಖೆಯ ಮುಖ್ಯಸ್ಥರಿಗೆ,

‘ಮಾನ್ಯರೇ’ ಎಂದು ಶುರುಮಾಡಬೇಕು ಎಂದು ಪಕ್ಕದ ಮನೆಯ ಸಂಗೀತದ ಟೀಚರ್ ಹೇಳಿದರು. ಆಯಿತು, ಮಾನ್ಯರೇ. ನನ್ನ ಹತ್ತಿರ ಉಳಿದಿದ್ದ ಮರ್ಯಾದೆಯೆಲ್ಲ ಆ ಒಂದು ಮಾತಿಗೆ ಖರ್ಚಾಯಿತು. ಮುಂದಿನದನ್ನು ಹಾಗೇ ಓದಿಕೊಳ್ಳಿ.

ನೀವು ನಮ್ಮ ಮನೆಯ ಎಡಗಡೆ ಅರ್ಧವನ್ನು ಮಾತ್ರ ಅಳೆಸಿದಿರಿ. ಬಲಗಡೆಗೆ ನಿಮ್ಮವರು ಕಾಲೇ ಇಡಲಿಲ್ಲ. ಎಡಗಡೆಯದನ್ನೇ ಕನ್ನಡಿಯಲ್ಲಿ ತೋರಿಸಿದ ಹಾಗೆ ತಿರುಗಿಸಿ, ಬಲಗಡೆ ಎಂದು ಅಂಟಿಸಿದರು. ಅದನ್ನು ನೀವು ಹೊಳೆಯುವ ಕಾಗದದಲ್ಲಿ ದಪ್ಪ ಪುಸ್ತಕ ಮಾಡಿಸಿದಿರಿ. ಈಗ ಆ ಪುಸ್ತಕದಲ್ಲಿ ನನ್ನ ಅಕ್ಕನ ಕೋಣೆ ಕಾಣುವುದಿಲ್ಲ, ಆದ್ದರಿಂದ ಮನೆಯಲ್ಲೂ ಅದು ಇರಕೂಡದು, ಕೆಡವಿ ಎಂದು ಆದೇಶ ಕಳಿಸಿದ್ದೀರಿ. ಅಕ್ಕನಿಗೆ ಕಣ್ಣು ಕಾಣುವುದಿಲ್ಲ. ನಿಮಗೆ ಕಾಣುತ್ತದೆ ಎಂದು ನಾವು ನಂಬಿಕೊಂಡಿದ್ದೆವು.

ಇದನ್ನು ಪತ್ರಿಕೆಗೆ ಬರೆಯುತ್ತಿರುವುದಕ್ಕೆ ಕಾರಣ ನಿಮಗೇ ಗೊತ್ತು. ನಿಮ್ಮ ಕಚೇರಿಗೆ ಬರೆದದ್ದು ಅಲ್ಲಿಯ ಯಾವ ಕಪಾಟಿನ ಹಿಂದೆ ಬಿದ್ದಿದೆಯೋ, ಅದನ್ನು ದಾಖಲಿಸಲು ಬೇರೆ ಇಲಾಖೆಯೇ ಬೇಕಾದೀತು.

ನಾನು ಓದಿದವನಲ್ಲ. ಭಾಗಾಕಾರ ಶುರುವಾಗುವ ಹೊತ್ತಿಗೆ ಶಾಲೆ ಬಿಟ್ಟು ಅಪ್ಪನ ಪಕ್ಕ ಕತ್ತರಿ ಹಿಡಿದು ನಿಂತವನು. ಈಗಲೂ ಈ ಮನೆಯ ಬೀದಿ ಕಡೆಯ ಕೋಣೆಯಲ್ಲಿ ನನ್ನ ಕ್ಷೌರದ ಅಂಗಡಿ ನಡೆಯುತ್ತಿದೆ. ಬರುವವರೆಲ್ಲ ನನ್ನಷ್ಟೇ ಮುದುಕರು. ತಲೆಯಲ್ಲಿ ಕತ್ತರಿಸುವಂಥದ್ದು ಹೆಚ್ಚೇನೂ ಇಲ್ಲ, ಮಾತಾಡಲು ಬರುತ್ತಾರೆ. ಒಂದು ಪ್ರಶ್ನೆ ಕೇಳುತ್ತೇನೆ, ಉತ್ತರಿಸಿ. ಗಿರಾಕಿಯ ಒಂದು ಕೆನ್ನೆ ಬೋಳಿಸಿ, ಇನ್ನೊಂದಕ್ಕೆ ಕನ್ನಡಿ ಹಿಡಿದು, “ಎರಡೂ ಕಡೆ ಒಂದೇ ಥರ ಇರುತ್ತೆ, ಏಳಿ ಸ್ವಾಮಿ” ಎಂದು ನಾನು ಕಳಿಸಿದ್ದರೆ ಈ ಬೀದಿ ನನ್ನನ್ನು ಏನು ಮಾಡುತ್ತಿತ್ತು? ನೀವು ಅದನ್ನೇ ಮಾಡಿದ್ದಕ್ಕೆ ವೇದಿಕೆ ಹಾಕಿದರು, ಚಪ್ಪಾಳೆ ತಟ್ಟಿದರು. ಚಪ್ಪಾಳೆ ತಟ್ಟಿದವರಲ್ಲಿ ನಾನೂ ಒಬ್ಬ. ಆಗಿನ್ನೂ ಪುಸ್ತಕ ಬಿಚ್ಚಿರಲಿಲ್ಲ.

ಓದುಗರಿಗೆ ಮನೆಯ ವಿಷಯ ಹೇಳಬೇಕು. ನಿಮಗೂ ಹೇಳಬೇಕು, ನೀವೂ ನೋಡಿಲ್ಲವಲ್ಲ. ವಿಕ್ಟೋರಿಯಾ ರಾಣಿಯ ಕಾಲದಲ್ಲಿ ಒಬ್ಬ ಮರದ ವ್ಯಾಪಾರಿ ಕಟ್ಟಿಸಿದ ಮನೆ ಇದು. ಕೆಂಪು ಇಟ್ಟಿಗೆ, ಕಡಿದಾದ ಮಾಡು, ಮಾಡಿನ ಅಂಚಿಗೆ ಲೇಸಿನ ಹಾಗೆ ಕೊರೆದ ಮರದ ಹಲಗೆ, ಬಾಗಿಲ ಮೇಲೆ ಬಣ್ಣದ ಗಾಜು. ಎಡಗಡೆ ಮೂಲೆಯಲ್ಲಿ ಮೂರು ಮುಖವಾಗಿ ಬೀದಿಗೆ ಉಬ್ಬಿಕೊಂಡ ದೊಡ್ಡ ಕಿಟಕಿಯಿದೆ. ನಿಮ್ಮ ಪುಸ್ತಕದಲ್ಲಿ ಅದಕ್ಕೆ ನಾಲಿಗೆ ಹೊರಳದ ಹೆಸರಿದೆ. ನಮ್ಮ ಬೀದಿಯಲ್ಲಿ ಅದು ಹೊಟ್ಟೆ ಕಿಟಕಿ. ಬಲಗಡೆ ಮೂಲೆಯಲ್ಲೂ ಅಂಥದೇ ಒಂದು ಇರಲಿ ಎಂದು ವ್ಯಾಪಾರಿಗೆ ಆಸೆಯಿತ್ತಂತೆ. ಆದರೆ ಅಲ್ಲಿ ಇಡೀ ಬೀದಿ ನೀರು ಸೇದುವ ಬಾವಿಯಿತ್ತು. ಬೀದಿಯವರು ಜಗ್ಗಲಿಲ್ಲ. ವ್ಯಾಪಾರಿ ಹಲ್ಲು ಕಚ್ಚಿಕೊಂಡು ಆ ಮೂಲೆಯ ಗೋಡೆಯನ್ನು ಬಾವಿಯಿಂದ ಹಿಂದಕ್ಕೆ ಸರಿಸಿ ನೇರವಾಗಿ ಎತ್ತಿಸಿದ. ಅದರ ಹಿಂದೆ ಒಂದು ಸಣ್ಣ ಕೋಣೆ ಬಂತು. ಅದೇ ಅಕ್ಕನ ಕೋಣೆ. ಬಾವಿಗೆ ಈಗ ಕಬ್ಬಿಣದ ಮುಚ್ಚಳವಿದೆ, ಮೇಲೊಂದು ಕೈಪಂಪು ಇದೆ. ಒತ್ತಿದರೆ ಇವತ್ತಿಗೂ ನೀರು ಬರುತ್ತದೆ.

ನಮ್ಮ ಅಪ್ಪನ ಕಾಲದಲ್ಲಿ ಮನೆ ಎರಡು ಪಾಲಾಯಿತು. ಎಡಗಡೆ ಸಂಗೀತದ ಟೀಚರ್ ಮತ್ತು ಅವರ ಬೂದು ಬೆಕ್ಕು. ಬಲಗಡೆ ನಾನು ಮತ್ತು ಅಕ್ಕ. ಮೊದಲು ನಮ್ಮ ಬಾಗಿಲು, ಪಕ್ಕದಲ್ಲಿ ನನ್ನ ಅಂಗಡಿ, ಮೂಲೆಯಲ್ಲಿ ಅಕ್ಕನ ಕೋಣೆ, ಅದರ ಮುಂದೆ ಬಾವಿ. ಇಷ್ಟೇ. ಒಂದು ಸಲ ಬೀದಿಯಲ್ಲಿ ನಡೆದುಹೋದರೆ ಸಾಕು, ಎಡಬಲ ಒಂದೇ ಥರ ಇಲ್ಲ ಎಂದು ಗೊತ್ತಾಗುತ್ತದೆ. ಪೋಸ್ಟ್‌ಮನ್‌ಗೆ ಗೊತ್ತು, ಹಾಲಿನವನಿಗೆ ಗೊತ್ತು, ಬೆಕ್ಕಿಗೂ ಗೊತ್ತು.

ನಿಮ್ಮ ತಂಡ ಬಂದ ದಿನ ಏನಾಯಿತು ಎಂಬುದನ್ನು ನಿಮ್ಮವರು ನಿಮಗೆ ಹೇಳಿರಲಾರರು. ಅವರು ಮೊದಲು ಟೀಚರ್ ಮನೆಗೆ ಹೋದರು. ಅಲ್ಲಿ ಚಹಾ, ಬಿಸ್ಕತ್ತು, ಪಿಯಾನೋ. ಹೊಟ್ಟೆ ಕಿಟಕಿಯ ಗಾಜು, ಮೆಟ್ಟಿಲ ಕೈಕಂಬಿ, ಬೆಂಕಿಗೂಡಿನ ಸುತ್ತಲಿನ ಕೆತ್ತನೆ, ಎಲ್ಲಕ್ಕೂ ಟೇಪು ಹಿಡಿದರು. ಆಮೇಲೆ ನಮ್ಮ ಬಾಗಿಲು ಬಡಿದರು. ಅಕ್ಕ ಸ್ನಾನಕ್ಕೆ ಹೋಗಿದ್ದಳು. ಸ್ವಲ್ಪ ಹೊತ್ತು ಬಿಟ್ಟು ಬನ್ನಿ ಎಂದೆ. ಬೈದೆ ಎಂದು ಅವರು ಬರೆದುಕೊಂಡಿದ್ದಾರಂತೆ. ನನ್ನ ಗಂಟಲೇ ಹಾಗೆ. ನಾನು “ಊಟ ಮಾಡಿ” ಅಂದರೂ ನೆಂಟರು ಚಪ್ಪಲಿ ಹುಡುಕುತ್ತಾರೆ. ಅವರು ಮತ್ತೆ ಬರಲೇ ಇಲ್ಲ. ಬೀದಿಯಲ್ಲಿ ನಿಂತು ಫೋಟೋ ತೆಗೆಯುವಾಗ ಅವರಲ್ಲೊಬ್ಬರು ಟೀಚರ್ ಹತ್ತಿರ ಹೇಳಿದ್ದು ಮಾತ್ರ ನನ್ನ ಕಿವಿಗೆ ಬಿತ್ತು: “ಬಲಗಡೆ ಆ ಬೋರ್ಡು, ಆ ಒಣಹಾಕಿದ ಟವೆಲ್ಲು… ಚೆನ್ನಾಗಿ ಕಾಣಲ್ಲ ಮೇಡಂ. ಅಲ್ಲಿ ಏನಾದ್ರೂ ಅಡ್ಜಸ್ಟ್ ಮಾಡ್ಕೋತೀವಿ.”

ಆ ಟವೆಲ್ಲುಗಳನ್ನು ಒಗೆದು, ಹಿಂಡಿ, ಒಣಹಾಕಿ, ಅಂಚಿಗೆ ಅಂಚು ಕೂಡಿಸಿ ಮಡಿಸುವವಳು ನನ್ನ ಅಕ್ಕ. ಕಣ್ಣು ಹೋದ ಮೇಲೂ ಬಿಟ್ಟಿಲ್ಲ. ಅದನ್ನು ನೀವು ಅಡ್ಜಸ್ಟ್ ಮಾಡಿಕೊಂಡಿರಿ.

ಹೀಗೆ ಪುಸ್ತಕ ಬಂತು. ನಮ್ಮ ಮನೆಯ ಮುಂದೆಯೇ ಶಾಮಿಯಾನ ಹಾಕಿ, ಬಲಗಡೆಯನ್ನೆಲ್ಲ ವೇದಿಕೆಯ ಪರದೆಯಿಂದ ಮುಚ್ಚಿಸಿ, ಬಿಡುಗಡೆ ಮಾಡಿದಿರಿ. ನನ್ನನ್ನು ಮುಂದಿನ ಸಾಲಿನಲ್ಲಿ ಕೂರಿಸಿ, ಕೈಗೊಂದು ಪ್ರತಿ ಕೊಟ್ಟಿರಿ. ನೀವು ಮೈಕಿನಲ್ಲಿ ಈ ಮನೆಯ “ಅಪೂರ್ವ ಸಮಮಿತಿ”ಯ ಬಗ್ಗೆ ಮಾತಾಡಿದಿರಿ. ಹಾಗಂದರೇನು ಎಂದು ಟೀಚರನ್ನು ಕೇಳಿದೆ. “ಎರಡೂ ಕಡೆ ಸಮ ಅಂತ ಅಣ್ಣಾ,” ಎಂದು ಪಿಸುಗುಟ್ಟಿ ತಲೆ ತಗ್ಗಿಸಿಕೊಂಡರು. ಅವರ ಕಿವಿ ಕೆಂಪಗಾಗಿತ್ತು. ಅವರು ಆಗಲೇ ಪುಸ್ತಕ ಬಿಚ್ಚಿ ನೋಡಿದ್ದರು ಎಂದು ಕಾಣುತ್ತದೆ.

ಮನೆಗೆ ಬಂದು ಅಂಗಡಿಯಲ್ಲಿ ಪುಸ್ತಕ ಬಿಡಿಸಿದೆ. ಪೋಸ್ಟ್‌ಮನ್ ಕುರ್ಚಿಯಲ್ಲಿದ್ದ, ಮುಖದ ತುಂಬ ಸೋಪಿನ ನೊರೆ. ನೌಕರಿ ಬಿಟ್ಟು ಎಷ್ಟೋ ವರ್ಷವಾದರೂ ಅವನು ಬೀದಿಗೆ ಪೋಸ್ಟ್‌ಮನ್ನೇ. ಹಾಳೆ ತುಂಬ ನಮ್ಮ ಮನೆ. ಎಡಗಡೆ ಹೊಟ್ಟೆ ಕಿಟಕಿ, ಬಲಗಡೆಯೂ ಹೊಟ್ಟೆ ಕಿಟಕಿ. ಎಡಗಡೆ ಕಿಟಕಿಯಲ್ಲಿ ಬೆಕ್ಕು, ಬಲಗಡೆ ಕಿಟಕಿಯಲ್ಲೂ ಬೆಕ್ಕು.

ಪೋಸ್ಟ್‌ಮನ್ ನೊರೆಯೊಳಗಿಂದಲೇ ನಕ್ಕ. “ಲೋ, ನಿನ್ನ ಮನೇಲೂ ಬೆಕ್ಕು ಸಾಕಿದೀಯೇನೋ? ಹೇಳಲೇ ಇಲ್ಲ!”

“ಸುಮ್ನಿರಯ್ಯ. ಕತ್ತಿ ಕೈಯಲ್ಲಿದೆ.”

“ಅಲ್ಲ ಕಣೋ, ಬಾವಿ ಎಲ್ಲಿ? ನಿನ್ನ ಬೋರ್ಡೆಲ್ಲಿ? ಇವರು ನಿನ್ನನ್ನೇ ಬೋಳಿಸಿಬಿಟ್ಟಿದಾರಲ್ಲೋ!”

ಒಳಗಿನಿಂದ ಅಕ್ಕ ಗೋಡೆ ಹಿಡಿದುಕೊಂಡು ಬಂದಳು. “ಏನದು ಗಲಾಟೆ? ಪುಸ್ತಕ ಬಂತಾ? ನನ್ನ ಕೋಣೆ ಎಲ್ಲಿದೆ, ಬೆರಳಿಟ್ಟು ತೋರಿಸು,” ಎಂದು ತೋರುಬೆರಳು ಚಾಚಿದಳು. ಆ ಬೆರಳನ್ನು ನಾನು ಎಲ್ಲಿಡಲಿ, ಮಾನ್ಯರೇ? ಬೆಕ್ಕಿನ ಮೇಲೆ ಇಟ್ಟೆ. “ಇಲ್ಲೇ ಅಕ್ಕ,” ಎಂದೆ. ಅವಳು ಆ ನುಣುಪು ಹಾಳೆಯನ್ನು ಸವರಿ, “ಚೆನ್ನಾಗಿ ಬಂದಿದೆಯೇನೋ?” ಎಂದು ಕೇಳಿದಳು. ಪೋಸ್ಟ್‌ಮನ್ ನಗು ನಿಲ್ಲಿಸಿ ಕನ್ನಡಿಯಲ್ಲಿ ನನ್ನನ್ನೇ ನೋಡುತ್ತಿದ್ದ. “ಬಂದಿದೆ,” ಎಂದೆ. ನನ್ನ ಬಾಯಲ್ಲಿ ಆ ಸುಳ್ಳು ಹೇಳಿಸಿದವರು ನೀವು.

ಇಲ್ಲಿಗೇ ನಿಂತಿದ್ದರೆ ನಾಲ್ಕು ಬೈದು ಸುಮ್ಮನಾಗುತ್ತಿದ್ದೆ. ಕೆಟ್ಟ ಪುಸ್ತಕ ಕಪಾಟಿನಲ್ಲಿದ್ದರೆ ಯಾರಿಗೇನು ತೊಂದರೆ? ಆದರೆ ನಿಮ್ಮ ಪುಸ್ತಕಕ್ಕೆ ಕಪಾಟು ಸಾಲಲಿಲ್ಲ, ಎದ್ದು ನಮ್ಮ ಮನೆಗೇ ಬಂತು. ‘ಬಲಭಾಗದ ಮೂಲೆಯ ಕೋಣೆಯು ದಾಖಲೆಯಲ್ಲಿ ಇಲ್ಲದ ನಂತರದ ಸೇರ್ಪಡೆಯಾಗಿದ್ದು, ಅದನ್ನು ತೆರವುಗೊಳಿಸಿ ಮೂಲ ಕಿಟಕಿಯನ್ನು ಪುನಃಸ್ಥಾಪಿಸತಕ್ಕದ್ದು’ ಎಂದು ಆದೇಶ ಬಂತು. ಮೂಲ ಕಿಟಕಿಯಂತೆ! ಹುಟ್ಟೇ ಇಲ್ಲದ ಕಿಟಕಿಯನ್ನು ಮತ್ತೆ ಹುಟ್ಟಿಸುವುದು ಹೇಗೆ, ಹೇಳಿ? ನಿಮ್ಮ ಈ ಹೊಚ್ಚಹೊಸ ಹಳೆಯ ಕಿಟಕಿ ಎಲ್ಲಿ ನಿಲ್ಲುತ್ತದೆ, ಗೊತ್ತೇ? ಬಾವಿಯ ಬಾಯಿಯ ಮೇಲೆ. ಒಳಗೆ ಕೂತು ಬೀದಿ ನೋಡುವವರು ಬಗ್ಗಿ ನೀರೂ ಸೇದಿಕೊಳ್ಳಬಹುದು.

ಪುಸ್ತಕ ಬಗಲಲ್ಲಿಟ್ಟುಕೊಂಡು ನಿಮ್ಮ ಕಚೇರಿಗೆ ಬಂದೆ. ನೀವು ಸಭೆಯಲ್ಲಿದ್ದಿರಿ. ದಪ್ಪ ಕನ್ನಡಕದವರೊಬ್ಬರ ಮುಂದೆ ನನ್ನನ್ನು ಕೂರಿಸಿದರು. ನಡೆದ ಮಾತನ್ನು ಇದ್ದ ಹಾಗೆ ಬರೆಯುತ್ತೇನೆ, ತಿರುಗಿಸಿ ಬರೆಯುವ ಅಭ್ಯಾಸ ನನಗಿಲ್ಲ.

“ಆ ಕೋಣೆ ದಾಖಲೇಲಿ ಇಲ್ವಲ್ಲ ಯಜಮಾನ್ರೇ.”

“ಮನೇಲಿದೆಯಲ್ಲ ಸ್ವಾಮಿ.”

“ಇರಬಹುದು. ಅದು ಆಮೇಲೆ ಸೇರಿಸಿದ್ದು.”

“ಯಾರು ಹೇಳಿದ್ದು?”

“ದಾಖಲೇಲಿ ಇಲ್ಲ ಅಂದ್ರೆ ಆಮೇಲೆ ಸೇರಿಸಿದ್ದು ಅಂತಾನೇ ಅರ್ಥ.”

“ನೀವು ಒಳಗೇ ಬಂದಿಲ್ವಲ್ರೀ!”

“ಆ ಕಾಲದ ಮನೆಗಳು ಎಡಬಲ ಒಂದೇ ಥರ ಇರ್ತವೆ. ಒಂದು ಕಡೆ ಅಳೆದ್ರೆ ಸಾಕು, ಇನ್ನೊಂದು ಕಡೇನ ಕಂಪ್ಯೂಟರೇ ಮಾಡ್ಕೊಳ್ಳುತ್ತೆ.”

ನಾನು ಪುಸ್ತಕ ಬಿಡಿಸಿ ಮೇಜಿನ ಮೇಲಿಟ್ಟೆ. ಇಟ್ಟೆ ಎನ್ನುವುದಕ್ಕಿಂತ ಬಡಿದೆ ಎನ್ನಬಹುದು. “ಈ ಬೆಕ್ಕು ನೋಡಿ. ಈ ಬೆಕ್ಕೂ ನೋಡಿ.”

ಅವರು ಕನ್ನಡಕ ಸರಿಮಾಡಿಕೊಂಡು ನೋಡಿದರು. “ಎರಡು ಬೆಕ್ಕು ಸಾಕಿರಬಹುದಲ್ವಾ?”

“ಎರಡಕ್ಕೂ ಕಿವಿ ಹರಿದಿದೆ. ಇದಕ್ಕೆ ಎಡಗಿವಿ, ಅದಕ್ಕೆ ಬಲಗಿವಿ. ಎರಡೂ ಒಂದೇ ಸಲ ಆಕಳಿಸ್ತಿವೆ. ಅಭ್ಯಾಸ ಮಾಡಿಸಿದೀವಿ ಅಂದ್ಕೊಂಡ್ರಾ?”

ಪಕ್ಕದ ಮೇಜಿನಲ್ಲಿ ಯಾರೋ ಕೆಮ್ಮಿದ ಹಾಗೆ ನಕ್ಕರು. ಕನ್ನಡಕದವರು ದನಿ ತಗ್ಗಿಸಿದರು. ಅವರಿಗೆ ಅರ್ಥವಾಗಿತ್ತು, ಮಾನ್ಯರೇ. ನನಗೆ ಹೇಸಿಗೆಯಾದದ್ದು ಅಲ್ಲಿ. ಅರ್ಥವಾಗದವರನ್ನು ಕ್ಷಮಿಸಬಹುದು. ಅವರು ಹೇಳಿದ್ದು ಕೇಳಿ: “ತಪ್ಪಾಗಿದೆ ಅಂತಾನೇ ಇಟ್ಕೊಳ್ಳಿ. ಪುಸ್ತಕ ಬಿಡುಗಡೆ ಆಗ್ಹೋಗಿದೆ. ದಾಖಲೆ ತಿದ್ದಬೇಕಂದ್ರೆ ಸಮಿತಿ ಸೇರ್ಬೇಕು, ದೊಡ್ಡವರ ಹೆಸರೆಲ್ಲ ಬರುತ್ತೆ. ಮನೆ ತಿದ್ದೋದಾದ್ರೆ ನಮ್ಮ ಮಟ್ಟದಲ್ಲೇ ಮುಗಿಯುತ್ತೆ.”

ಇನ್ನೊಮ್ಮೆ ಓದಿ. ಪುಸ್ತಕ ತಿದ್ದುವುದಕ್ಕಿಂತ ಮನೆ ತಿದ್ದುವುದು ಸುಲಭ! ಮನೆ ಹೇಗಿದೆ ಎಂದು ಬರೆದಿಡಲೆಂದೇ ಹುಟ್ಟಿದ ಇಲಾಖೆ, ತಾನು ಬರೆದದ್ದು ನಿಜವಾಗಲಿ ಎಂದು ಮನೆಯನ್ನೇ ಒಡೆಯಲು ಹೊರಟಿದೆ. ಇದಕ್ಕೆ ನಿಮ್ಮ ದೊಡ್ಡ ಪದಗಳಲ್ಲಿ ಏನನ್ನುತ್ತಾರೆ? ಸಂರಕ್ಷಣೆಯೇ? ಆ ಕನ್ನಡಕದವರ ಮುಂದೆ ಬಾವಿಯ ವಿಷಯವನ್ನೂ ಎತ್ತಿದೆ. ಬಾವಿಯೂ ದಾಖಲೆಯಲ್ಲಿಲ್ಲವಂತೆ. ಹಾಗಾದರೆ ನಮ್ಮ ಬೀದಿ ಇಷ್ಟು ಕಾಲ ಕುಡಿದದ್ದೇನು?

ಆಮೇಲೆ ನಿಮ್ಮ ಕೆಲಸದವರು ಬಂದು ಅಕ್ಕನ ಕೋಣೆಯ ಹೊರಗೋಡೆಗೆ ಕೆಂಪು ಬಣ್ಣದಲ್ಲಿ ದೊಡ್ಡ ಕತ್ತರಿಗುರುತು ಎಳೆದು ಹೋದರು. ನಾನು ಅಂಗಡಿಯೊಳಗಿದ್ದೆ, ನೋಡಲಿಲ್ಲ. ಅಕ್ಕ ಪಂಪಿನ ಹತ್ತಿರ ಹೋಗುವುದು ಆ ಗೋಡೆಯನ್ನು ಸವರಿಕೊಂಡೇ. ಹಸಿ ಬಣ್ಣದ ಮೇಲೆ ಅಂಗೈ ಇಟ್ಟಳು. ಏನೋ ಅಂಟುತ್ತಿದೆ ಎಂದುಕೊಂಡು, ಗೋಡೆ ಹಿಡಿದೇ ವಾಪಸು ಬಾಗಿಲವರೆಗೂ ಬಂದಳು. ಈಗ ನಮ್ಮ ಗೋಡೆಯ ಉದ್ದಕ್ಕೂ ಅವಳ ಕೆಂಪು ಅಂಗೈಗಳಿವೆ. “ಏನೋ ಇದು, ಅಂಟು?” ಎಂದು ಕೈ ಚಾಚಿದಳು. ಇನ್ನು ಸುಳ್ಳು ಹೇಳಲಾಗಲಿಲ್ಲ. ಸೀಮೆಎಣ್ಣೆ ಹಚ್ಚಿ ಕೈ ಒರೆಸುತ್ತ ಪುಸ್ತಕ, ಬೆಕ್ಕು, ಆದೇಶ ಎಲ್ಲವನ್ನೂ ಹೇಳಿದೆ.

ಅವಳು ಸಿಟ್ಟಾಗಲಿಲ್ಲ. ಸಿಟ್ಟಿನ ಪಾಲೆಲ್ಲ ಹುಟ್ಟುವಾಗಲೇ ನನಗೆ ಬಂದಿತ್ತು. ನನ್ನನ್ನು ಕೋಣೆಗೆ ಕರೆದೊಯ್ದು, “ಚಪ್ಪಲಿ ಬಿಡು,” ಎಂದಳು. “ಈಗ ಗೋಡೆ ಪಕ್ಕ ಕಾಲು ಸವರಿಕೊಂಡು ನಡಿ. ಸುತ್ತ ಏನು ಸಿಗುತ್ತೆ?”

ನೆಲಕ್ಕೆ ಚಿತ್ತಾರದ ಬಿಲ್ಲೆಗಳು, ಇಡೀ ಮನೆಗೆ ಹಾಸಿದಂಥವೇ. ಪ್ರತಿ ಕೋಣೆಯಲ್ಲೂ ಗೋಡೆಯ ಬುಡಕ್ಕೆ ಬಳ್ಳಿಯ ಅಂಚು ಸುತ್ತುತ್ತದೆ. ಇಲ್ಲೂ ಸುತ್ತುತ್ತದೆ. ನಾಲ್ಕು ಮೂಲೆಯಲ್ಲೂ ಬಳ್ಳಿ ತಿರುಗಿ, ಎಲ್ಲೂ ತುಂಡಾಗದೆ, ಮತ್ತೆ ತನ್ನನ್ನೇ ಸೇರುತ್ತದೆ. ಗೋಡೆ ಆಮೇಲೆ ಬಂದಿದ್ದರೆ ಬಳ್ಳಿ ಅದರ ಅಡಿಯಲ್ಲಿ ಸತ್ತುಹೋಗುತ್ತಿತ್ತು. ಅಕ್ಕ ಬಾಗಿಲಲ್ಲಿ ನಿಂತು ಹೇಳಿದಳು: “ಚಿಕ್ಕೋಳಿದ್ದಾಗ ಕಣ್ಣುಮುಚ್ಚಾಲೆ ಆಡ್ತಾ ಇದನ್ನ ಕಾಲಲ್ಲೇ ಓದಿದೀನಿ. ಇದಕ್ಕೆ ಕಣ್ಣು ಬೇಕಾಗಿಲ್ಲ ಕಣೋ. ಒಳಗೆ ಬರ್ಬೇಕು ಅಷ್ಟೆ.”

ಅಷ್ಟೆ, ಮಾನ್ಯರೇ. ಒಳಗೆ ಬರಬೇಕಿತ್ತು. ಟೇಪು, ಕ್ಯಾಮೆರಾ, ಕಂಪ್ಯೂಟರು, ಪದವಿ ಎಲ್ಲ ಇತ್ತು. ಹೊಸ್ತಿಲು ದಾಟುವ ಕಾಲೊಂದು ಇರಲಿಲ್ಲ.

ಈ ಬಳ್ಳಿಯ ವಿಷಯ ಬರೆದು ಕಳಿಸಿದೆ. ಉತ್ತರವಿಲ್ಲ. ಕಾಯುತ್ತಿದ್ದಾಗ ಒಂದು ಮಧ್ಯಾಹ್ನ ಊಟ ಮುಗಿಸಿ ಅಂಗಡಿಗೆ ಬಂದರೆ, ನನ್ನ ಗಿರಾಕಿಗಳು ಕೂರುವ ಕುರ್ಚಿಯಲ್ಲಿ ಅಕ್ಕ ಕೂತಿದ್ದಾಳೆ. ತೊಡೆಯ ಮೇಲೆ ದಿಂಬು. ಪಕ್ಕದಲ್ಲಿ ಬಟ್ಟೆಯ ಗಂಟು. ಕೈಯಿಂದ ಕುರ್ಚಿಯ ತೋಳು, ಕನ್ನಡಿಯ ಅಂಚು, ನೀರಿನ ಬಟ್ಟಲು ಒಂದೊಂದನ್ನೇ ಮುಟ್ಟಿ ನೋಡುತ್ತಿದ್ದಾಳೆ.

“ಇದೇನಕ್ಕ ಇಲ್ಲಿ?”

“ಕೋಣೆ ಹೋದ್ಮೇಲೆ ಹುಡುಕಾಡಬಾರದಲ್ಲ. ಈಗಲೇ ಅಭ್ಯಾಸ ಮಾಡ್ಕೋತಿದೀನಿ.”

“ಯಾರೂ ಏನೂ ಕೆಡವಲ್ಲ. ನಡಿ ಒಳಗೆ.”

“ಕೂಗ್ಬೇಡ್ವೋ. ಒಂದೆರಡು ದಿನ ಇಲ್ಲೇ ಮಲಗ್ತೀನಿ. ಗಿರಾಕಿ ಬಂದ್ರೆ ಏಳಿಸು.”

ಅಂದಿನಿಂದ ಅವಳು ತನ್ನ ಕೋಣೆಗೆ ಹೋಗಿಲ್ಲ. ಅಂಗಡಿಯಲ್ಲಿ ಹಾಸಿಕೊಂಡು ಮಲಗುತ್ತಾಳೆ. ಬೆಳಿಗ್ಗೆ ಎದ್ದು ಅಭ್ಯಾಸಬಲದಿಂದ ಕೋಣೆಯ ಕಡೆ ಕೈ ಚಾಚುತ್ತಾಳೆ, ನೆನಪಾಗಿ ಹಿಂದಕ್ಕೆಳೆದುಕೊಳ್ಳುತ್ತಾಳೆ. ಗೋಡೆ ಇನ್ನೂ ಅಲ್ಲೇ ಇದೆ. ನೀವು ಇನ್ನೂ ಒಂದು ಇಟ್ಟಿಗೆ ಮುಟ್ಟಿಲ್ಲ. ಆದರೂ ಅವಳಿಂದ ಕೋಣೆ ಕಿತ್ತುಕೊಂಡಾಯಿತು. ಕಣ್ಣು ಹೋದಾಗ ನನ್ನ ಅಕ್ಕ ಹೀಗೆ ಕುಗ್ಗಿರಲಿಲ್ಲ; ಮನೆ ಇದೆಯಲ್ಲ, ಕೈಗೆ ಗೊತ್ತಿದೆ ಎನ್ನುತ್ತಿದ್ದಳು. ಈಗ ಕೈಯನ್ನೇ ನಂಬುವುದಿಲ್ಲ. ನಿಮಗೆ ನಾಚಿಕೆಯಾಗಲಿ ಎಂದು ಬರೆಯುತ್ತಿಲ್ಲ. ನಾಚಿಕೆ ಇದ್ದವರು ಬೆಕ್ಕಿಗೆ ಎರಡನೆಯ ಕಿಟಕಿ ಕೊಡುತ್ತಿರಲಿಲ್ಲ.

ಇನ್ನು ನನ್ನ ಬೇಡಿಕೆ. ಕ್ಷಮಾಪಣೆ ಬೇಡ, ಅದನ್ನೂ ಅರ್ಧ ಬರೆದು ಇನ್ನರ್ಧ ತಿರುಗಿಸಿಬಿಡುತ್ತೀರಿ. ಆ ಆದೇಶವನ್ನು ಬರಹದಲ್ಲಿ ವಾಪಸು ತೆಗೆದುಕೊಳ್ಳಿ. ಪುಸ್ತಕದ ಪ್ರತಿಗಳನ್ನು ಹಂಚಿದಲ್ಲಿಂದೆಲ್ಲ ತರಿಸಿಕೊಳ್ಳಿ. ಸಮಿತಿ ಸೇರಬೇಕೆಂದರೆ ಸೇರಿಸಿ. ಕುರ್ಚಿ ಸಾಲದಿದ್ದರೆ ನನ್ನ ಅಂಗಡಿಯದನ್ನೂ ಕೊಡುತ್ತೇನೆ, ಆದರೆ ಮೊದಲು ಅಕ್ಕ ಅದರಿಂದ ಏಳಬೇಕು. ಅವಳು ಏಳಬೇಕೆಂದರೆ ನನ್ನ ಮಾತು ಸಾಲದು. ನಿಮ್ಮ ಕೆಳಗಿನವರನ್ನು ಕಳಿಸಬೇಡಿ, ನೀವೇ ಬರಬೇಕು. ಬಂದು, ಚಪ್ಪಲಿ ಬಿಟ್ಟು, ಆ ಕೋಣೆಯ ನಾಲ್ಕು ಗೋಡೆಯ ಬುಡದಲ್ಲಿ ಕಾಲು ಸವರಿಕೊಂಡು ಒಂದು ಸುತ್ತು ನಡೆಯಬೇಕು. ನಡೆದು, ಅಕ್ಕನಿಗೆ ಕೇಳಿಸುವ ಹಾಗೆ, ಕೋಣೆ ಇದೆ ಎಂದು ಬಾಯಿಬಿಟ್ಟು ಹೇಳಬೇಕು. ಆಮೇಲೆ ಟೇಪು ಹಿಡಿಯಿರಿ. ಟೇಪಿನ ಇನ್ನೊಂದು ತುದಿ ನಾನೇ ಹಿಡಿಯುತ್ತೇನೆ.

ಗೋಡೆಯ ಮೇಲಿನ ಕೆಂಪು ಅಂಗೈಗಳನ್ನು ನಾನು ಅಳಿಸಿಲ್ಲ, ನೀವು ಬರುವವರೆಗೆ ಅಳಿಸುವುದೂ ಇಲ್ಲ. ಅವು ಮಾತ್ರ ನಿಜವಾಗಿ ಆಮೇಲೆ ಸೇರಿಸಿದ್ದು.

ಯಾವಾಗ ಬೇಕಾದರೂ ಬನ್ನಿ, ಅಕ್ಕನ ಸ್ನಾನದ ಹೊತ್ತು ಬಿಟ್ಟು. ನಾನು ಕೂಗಾಡಿದರೆ ಹೆದರಬೇಡಿ, ಅದು ಸ್ವಾಗತ. ಬಲಗಡೆ ಬಾಗಿಲು ಬಡಿಯಿರಿ. ಯಾವುದು ಬಲಗಡೆ ಎಂದು ನಿಮ್ಮ ಇಲಾಖೆಗೆ ಗೊಂದಲವಾದರೆ, ಬೆಕ್ಕು ಇಲ್ಲದ ಕಡೆಯದು.

ಇಂತಿ,
ನಿಮ್ಮ ಪುಸ್ತಕದಲ್ಲಿ ಬೂದು ಬೆಕ್ಕಾಗಿ ಆಕಳಿಸುತ್ತಿರುವ,
ಬಾವಿ ಪಕ್ಕದ ಕ್ಷೌರದಂಗಡಿಯ ಮುದುಕ